ಸರ್ವಾಧಿಕಾರಿಯ ಎದುರು 15 ನಿಮಿಷ

ರಾಜಕೀಯ ಸಿನಿಮಾ ಅಂದಮೇಲೆ ಶುರುವಿನಲ್ಲೇ ಮಿಲಿಟರಿ ಬೂಟು, ಜೀಪು, ಸೈರನ್ ಬರುತ್ತದೆ ಅಂತ ಕಾಯುತ್ತೇವೆ. ಚಿಲಿ ದೇಶದ ‘ನೋ’ ಶುರುವಾಗುವುದು ಒಂದು ಕೋಲಾ ಜಾಹೀರಾತಿನಿಂದ. ಪಾನೀಯದ ಹೆಸರು ‘ಫ್ರೀ’. ರೆನೆ ಸಾವೆದ್ರಾ ಎಂಬ ಜಾಹೀರಾತು ಹುಡುಗ ಕ್ಲೈಂಟ್‌ಗಳ ಮುಂದೆ ನಿಂತು, ಮುಖದಲ್ಲಿ ಚೂರೂ ನಗುವಿಲ್ಲದೆ ಭಾಷಣ ಬಿಗಿಯುತ್ತಾನೆ. ನೀವೀಗ ನೋಡಲಿರುವುದು ಇವತ್ತಿನ ಸಾಮಾಜಿಕ ಪರಿಸ್ಥಿತಿಗೆ ತಕ್ಕದ್ದು, ಇಂಥದ್ದನ್ನು ನೋಡಲು ದೇಶ ತಯಾರಾಗಿದೆ, ಚಿಲಿ ಈಗ ತನ್ನ ನಾಳೆಯ ಬಗ್ಗೆ ಯೋಚಿಸುತ್ತಿದೆ... ಇಷ್ಟು ಪೀಠಿಕೆ ಆದಮೇಲೆ ಟೇಪು ಓಡುತ್ತದೆ. ಹುಡುಗ ಹುಡುಗಿಯರು ಕುಣಿಯುತ್ತಾರೆ. ಗಿಟಾರ್ ಕಿರುಚುತ್ತದೆ. ನಡುವೆ ಮುಖಕ್ಕೆ ಬಿಳಿ ಬಳಿದುಕೊಂಡ ಮೂಕಾಭಿನಯದವನೊಬ್ಬ ಬಂದು ಹೋಗುತ್ತಾನೆ. ಎಲ್ಲ ಮುಗಿದ ಮೇಲೆ ಕ್ಲೈಂಟ್ ತಲೆಯಲ್ಲಿ ಉಳಿಯುವ ಪ್ರಶ್ನೆ ಇಷ್ಟೇ: ಆ ಮೂಕಾಭಿನಯದವನು ಯಾಕೆ ಬೇಕಿತ್ತು?

ನಾನು ಕೆಲವು ವರ್ಷ ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದರಲ್ಲಿ ಕನ್ನಡ ಕಾಪಿ ಬರೆದವನು. ಈ ದೃಶ್ಯಕ್ಕೆ ಜೋರಾಗಿಯೇ ನಕ್ಕೆ. ಪಿಚ್ ಮಾಡುವವರ ಮಾತು ಎಲ್ಲ ದೇಶದಲ್ಲೂ ಒಂದೇ. ನಮ್ಮಲ್ಲಿ ಬಿಸ್ಕತ್ತಿಗೂ ಸಿಮೆಂಟಿಗೂ ‘ಬದಲಾಗುತ್ತಿರುವ ಭಾರತ’ದಿಂದಲೇ ಆರಂಭ. ಕ್ಲೈಂಟ್‌ಗಳೂ ಅಷ್ಟೇ, ಇಡೀ ಜಾಹೀರಾತು ಬಿಟ್ಟು ಮೂಲೆಯಲ್ಲಿರುವ ಹೂದಾನಿಯ ಬಣ್ಣ ಹಿಡಿದುಕೊಂಡು ಕೂರುತ್ತಾರೆ. ಆದರೆ ಈ ಸಿನಿಮಾದಲ್ಲಿ ರೆನೆ ಅದೇ ಭಾಷಣವನ್ನು ಮತ್ತೆ ಮತ್ತೆ ಒಪ್ಪಿಸುತ್ತಾನೆ. ಒಮ್ಮೆ ಕೋಲಾಕ್ಕೆ. ಒಮ್ಮೆ ಒಂದು ದೇಶದ ಬಿಡುಗಡೆಗೆ. ಕೊನೆಗೊಮ್ಮೆ ಟಿವಿ ಧಾರಾವಾಹಿಗೆ. ನಕ್ಕವರಿಗೆ ಮೂರನೆಯ ಸಲ ನಗು ಬರುವುದಿಲ್ಲ. ನನಗಂತೂ ಬರಲಿಲ್ಲ.

ಪಾಬ್ಲೊ ಲರಾಯಿನ್ ನಿರ್ದೇಶನದ ಈ ಸಿನಿಮಾ ಬಂದದ್ದು 2012ರಲ್ಲಿ. ಅಂತೋನಿಯೊ ಸ್ಕಾರ್ಮೆತಾ ಬರೆದ, ಅಚ್ಚಾಗದೇ ಉಳಿದ ನಾಟಕವೊಂದು ಇದಕ್ಕೆ ಆಧಾರ. ಆಸ್ಕರ್‌ನ ವಿದೇಶಿ ಭಾಷಾ ಚಿತ್ರಗಳ ಕೊನೆಯ ಐದರ ಪಟ್ಟಿಗೆ ಹೋದ ಮೊದಲ ಚಿಲಿ ಸಿನಿಮಾ ಇದು. ರೆನೆಯ ಪಾತ್ರ ಮಾಡಿದ್ದು ಮೆಕ್ಸಿಕೊದ ನಟ ಗಾಯೆಲ್ ಗಾರ್ಸಿಯಾ ಬೆರ್ನಾಲ್. ರೆನೆ ಎಂಬ ಮನುಷ್ಯ ನಿಜದಲ್ಲಿ ಇರಲಿಲ್ಲ, ಹಲವರನ್ನು ಕಲಸಿ ಮಾಡಿದ ಪಾತ್ರ ಅದು. ಉಳಿದದ್ದರಲ್ಲಿ ಬಹುಪಾಲು ನಿಜವಾಗಿ ನಡೆದದ್ದು. ಅಲ್ಲಲ್ಲಿ ನಂಬುವುದೇ ಕಷ್ಟ.

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ತನ್ನದೇ ದೇಶದ ಅಧ್ಯಕ್ಷರ ಅರಮನೆ ‘ಲಾ ಮೊನೆದಾ’ ಮೇಲೆ ವಿಮಾನದಿಂದ ಬಾಂಬ್ ಹಾಕಿತು. 1970ರಲ್ಲಿ ಚುನಾವಣೆ ಗೆದ್ದು ಬಂದಿದ್ದ ಸಮಾಜವಾದಿ ಸಾಲ್ವಡೋರ್ ಅಯೆಂದೆ ಅವತ್ತು ಅಲ್ಲೇ ಸತ್ತರು. ಜನರಲ್ ಅಗಸ್ಟೊ ಪಿನೋಚೆ ಕುರ್ಚಿ ಹಿಡಿದ. ಆಮೇಲಿನ ವರ್ಷಗಳಲ್ಲಿ ಕೊಲೆಯಾದವರು, ಕಾಣೆಯಾದವರು ಸರ್ಕಾರಿ ಆಯೋಗಗಳ ಲೆಕ್ಕದಲ್ಲೇ 3 ಸಾವಿರಕ್ಕೂ ಜಾಸ್ತಿ. ಜೈಲು, ಚಿತ್ರಹಿಂಸೆ ಕಂಡವರು 38 ಸಾವಿರದ ಆಸುಪಾಸು. ದೇಶ ಬಿಟ್ಟು ಹೋದವರು ಬೇರೆ.

ಸರ್ವಾಧಿಕಾರಿಗಳಿಗೂ ಕಾಗದಪತ್ರದ ಹುಚ್ಚು ಇರುತ್ತದೆ. 1980ರಲ್ಲಿ ಪಿನೋಚೆ ಹೊಸ ಸಂವಿಧಾನ ಬರೆಸಿದ. ಅದಕ್ಕೆ ಒಪ್ಪಿಗೆ ಪಡೆಯಲು ನಡೆದ ಜನಮತಗಣನೆಯಲ್ಲಿ ಮತದಾರರ ಪಟ್ಟಿಯೇ ಇರಲಿಲ್ಲ. 1973ರ ಸೇನಾ ದಂಗೆಯ ನಂತರ ಪಟ್ಟಿಯನ್ನು ನಾಶ ಮಾಡಲಾಗಿತ್ತಲ್ಲ! ಆ ಸಂವಿಧಾನದಲ್ಲೇ ಒಂದು ಷರತ್ತಿತ್ತು. 1988ರಲ್ಲಿ ಸೇನಾ ಮುಖ್ಯಸ್ಥರು ಒಬ್ಬ ಅಭ್ಯರ್ಥಿಯನ್ನು ಹೆಸರಿಸುತ್ತಾರೆ, ಇನ್ನೂ 8 ವರ್ಷ ಆತ ಆಳಬೇಕೋ ಬೇಡವೋ ಅಂತ ಜನ ಹೇಳಬೇಕು. ಹೌದು ಅಥವಾ ಇಲ್ಲ. ಎದುರಾಳಿ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ಅಭ್ಯರ್ಥಿ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಪ್ರಚಾರಕ್ಕೆ ಎರಡೂ ಕಡೆಗೆ ಟಿವಿಯಲ್ಲಿ ದಿನಕ್ಕೆ 15 ನಿಮಿಷ ಕೊಟ್ಟರು. ಸೆಪ್ಟೆಂಬರ್ 5ರಿಂದ ಅಕ್ಟೋಬರ್ 1ರವರೆಗೆ, 27 ರಾತ್ರಿ. ಸಮಯ ರಾತ್ರಿ 11ರ ಹೊತ್ತು. ದಿನದ ಉಳಿದ ಹೊತ್ತೆಲ್ಲ ಟಿವಿ ಆಳುವವರದ್ದೇ. ಮಲಗುವ ಹೊತ್ತಿನಲ್ಲಿ ಯಾರು ನೋಡುತ್ತಾರೆ ಅಂತ ಅವರ ಲೆಕ್ಕ. ಜನ ಎಚ್ಚರವಾಗಿದ್ದು ನೋಡಿದರು. ಮರುದಿನ ಬಸ್ಸಿನಲ್ಲಿ, ಕಚೇರಿಯಲ್ಲಿ ಅದರದೇ ಮಾತು.

ಸಿನಿಮಾದಲ್ಲಿ ನನಗೆ ಬಹಳ ಮುಖ್ಯ ಅನಿಸುವ ದೃಶ್ಯ ಇಲ್ಲಿ ಬರುತ್ತದೆ. ‘ಇಲ್ಲ’ ಕಡೆಯ ಮುಖಂಡರು ರೆನೆಗೆ ತಾವು ಮಾಡಿಸಿದ ವಿಡಿಯೋ ತೋರಿಸುತ್ತಾರೆ. ಅರಮನೆಗೆ ಬೀಳುವ ಬಾಂಬು, ಬೀದಿಯಲ್ಲಿ ಲಾಠಿ ಏಟು, ಸತ್ತವರ ಸಂಖ್ಯೆ, ಕಾಣೆಯಾದವರ ಸಂಖ್ಯೆ. ಒಂದೊಂದು ಅಕ್ಷರವೂ ಸತ್ಯ. ರೆನೆ ನೋಡಿ, ಇದು ಮಾರಾಟವಾಗುವುದಿಲ್ಲ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಇನ್ನೂ ಸ್ವಲ್ಪ ಹಗುರವಾದದ್ದು, ಖುಷಿಯಾದದ್ದು ಏನಾದರೂ ಇದೆಯಾ ಅಂತ ಕೇಳುತ್ತಾನೆ. ಮುಖಂಡರಲ್ಲಿ ಒಬ್ಬರು ಕೆರಳಿ ಎದ್ದು ಹೋಗುತ್ತಾರೆ. ತನ್ನವರನ್ನು ಕಳೆದುಕೊಂಡವನಿಗೆ ಕೋಲಾ ಮಾರುವವನು ಹೀಗೆ ಹೇಳಿದರೆ ಹೇಗಾಗಬೇಡ?

ಏಜೆನ್ಸಿಯಲ್ಲಿದ್ದಾಗ ಒಂದು ನೋವಿನ ಮುಲಾಮಿಗೆ ನಾನು ಬರೆದ ಸ್ಕ್ರಿಪ್ಟಿನಲ್ಲಿ ಅಜ್ಜಿಯೊಬ್ಬಳು ಸೊಂಟ ಹಿಡಿದುಕೊಂಡು ಅರ್ಧ ಹೊತ್ತು ನರಳುತ್ತಿದ್ದಳು. ಕ್ಲೈಂಟ್ ಓದಿ, ‘ನೋವು ಎಲ್ಲರ ಮನೆಯಲ್ಲೂ ಇದೆ ಕಣ್ರೀ, ನಾವ್ಯಾಕೆ ದುಡ್ಡು ಕೊಟ್ಟು ತೋರಿಸಬೇಕು? ಎದ್ದು ಓಡಾಡೋ ಅಜ್ಜಿಯನ್ನ ತೋರಿಸಿ’ ಅಂದರು. ಆಗ ನನಗೆ ಸಿಟ್ಟು ಬಂದಿರಲಿಲ್ಲ, ಸರಿ ಅನಿಸಿತ್ತು. ರೆನೆ ಹೇಳುವುದೂ ಅದನ್ನೇ. ಆದರೆ ಸೊಂಟ ನೋವಿಗೂ 3 ಸಾವಿರ ಹೆಣಕ್ಕೂ ಒಂದೇ ಸೂತ್ರ ನಡೆಯುತ್ತದಾ? ಸಿನಿಮಾ ಈ ಪ್ರಶ್ನೆ ಎತ್ತುತ್ತದೆ, ಉತ್ತರ ಹೇಳುವುದಿಲ್ಲ. ಹಾಗಾಗಿ ನೋಡುವವರು ತಮಗೆ ಬೇಕಾದ ಉತ್ತರ ತೆಗೆದುಕೊಂಡು ಹೋಗುತ್ತಾರೆ. ಬಹಳ ಜನ ತೆಗೆದುಕೊಂಡು ಹೋಗುವ ಉತ್ತರ ‘ಪಾಸಿಟಿವ್ ಆಗಿ ಮಾತಾಡಿದರೆ ಗೆಲ್ಲಬಹುದು’ ಎಂಬುದು. ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಹೇಳುವಂಥ ಮಾತು. ನನ್ನ ತಕರಾರು ಇರುವುದು ಅಲ್ಲೇ.

1988ರ ಚಿಲಿಯಲ್ಲಿ ಯಾವ ನಿರ್ಧಾರಕ್ಕೂ ಬಾರದೆ ಕೂತಿದ್ದ ಮತದಾರರನ್ನು ಸ್ವಲ್ಪ ಯೋಚಿಸಿ. ಸಾಂಟಿಯಾಗೊದ ಒಬ್ಬ ವಯಸ್ಸಾದ ಹೆಂಗಸು, ಅವಳ ಮನೆಯಲ್ಲೊಬ್ಬ ಇಪ್ಪತ್ತರ ಹುಡುಗ. ಹೆಂಗಸಿಗೆ ಅಯೆಂದೆ ಕಾಲದ ಕೊನೆಯ ದಿನಗಳ ಸಾಮಾನಿನ ಕೊರತೆ, ಉದ್ದುದ್ದ ಕ್ಯೂ ನೆನಪಿದೆ. ಆಮೇಲಿನ ಗುಂಡಿನ ಸದ್ದೂ ನೆನಪಿದೆ. 1982ರಲ್ಲಿ ಆರ್ಥಿಕತೆ ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1983ರಿಂದ ಜನ ಬೀದಿಗಿಳಿದು ಪಾತ್ರೆ ಬಡಿದು ಪ್ರತಿಭಟಿಸಿದರು, ಗುಂಡೇಟು ತಿಂದರು. 1986ರಲ್ಲಿ ಪಿನೋಚೆಯನ್ನು ಕೊಲ್ಲುವ ಯತ್ನ ವಿಫಲವಾಗಿ ಮತ್ತಷ್ಟು ದಮನ ಆಯಿತು. ಇದೆಲ್ಲ ಅವಳಿಗೆ ಗೊತ್ತು. ಯಾರೂ ವಿಡಿಯೋ ಮಾಡಿ ತಿಳಿಸಬೇಕಾಗಿಲ್ಲ. ಅವಳನ್ನು ಕಾಡುತ್ತಿದ್ದದ್ದು ಬೇರೆ ಪ್ರಶ್ನೆಗಳು. ನನ್ನ ಓಟು ಯಾರಿಗೆ ಅಂತ ಅವರಿಗೆ ಗೊತ್ತಾಗಿಬಿಟ್ಟರೆ? ಮಗನ ಕೆಲಸ ಹೋದರೆ? ಇವನು ಸೋತರೂ ಕುರ್ಚಿ ಬಿಡದಿದ್ದರೆ? ಬಿಟ್ಟರೂ ಮತ್ತೆ ಬೀದಿಯಲ್ಲಿ ರಕ್ತ ಹರಿದರೆ?

ಅಂಥವಳ ಮುಂದೆ ಬಾಂಬು, ಲಾಠಿ, ಹೆಣಗಳ 15 ನಿಮಿಷ ಇಟ್ಟರೆ ಅದು ಅವಳ ಹೆದರಿಕೆಯನ್ನೇ ಹೆಚ್ಚಿಸುತ್ತದೆ. ಪಿನೋಚೆಗೆ ಬೇಕಾದದ್ದೂ ಅದೇ. ಎಷ್ಟು ಕ್ರೂರಿ ನೋಡಿ ಅಂತ ಇವರು ತೋರಿಸಿದರೆ, ನನ್ನ ತಂಟೆಗೆ ಬರಬೇಡಿ ಅಂತ ಅವನು ಹೇಳಿದ ಹಾಗೇ ಆಗುತ್ತದೆ. ಅದಕ್ಕೇ ‘ಇಲ್ಲ’ ಕಡೆಯವರು ಕೊನೆಗೆ ಟಿವಿಯಲ್ಲಿ ತೋರಿಸಿದ ಹಾಡು, ಕುಣಿತ, ಹುಲ್ಲುಗಾವಲಿನ ಪಿಕ್‌ನಿಕ್ ನನಗೆ ಬರೀ ‘ಖುಷಿ’ಯಾಗಿ ಕಾಣುವುದಿಲ್ಲ. ಹೆದರಬೇಡಿ, ನಾವೂ ಹೆದರುತ್ತಿಲ್ಲ ನೋಡಿ ಅಂತ ಹೇಳುವುದಕ್ಕೆ ಅವರಿಗೆ ಸಿಕ್ಕ ದಾರಿ ಅದು. ಸರ್ಕಾರಿ ಟಿವಿಯಲ್ಲಿ, ಪಿನೋಚೆ ಇನ್ನೂ ಕುರ್ಚಿಯಲ್ಲಿರುವಾಗಲೇ, ಅವನು ಹೋಗಬೇಕು ಅಂತ ಜನ ಮುಖ ಮುಚ್ಚಿಕೊಳ್ಳದೆ ನಗುತ್ತಾ ಹಾಡುತ್ತಿದ್ದಾರೆ. 15 ವರ್ಷ ಮಾತು ನುಂಗಿಕೊಂಡು ಬದುಕಿದವರಿಗೆ ಇದು ಎಷ್ಟು ದೊಡ್ಡ ಸುದ್ದಿ!

ನಿಜವಾದ ಪ್ರಚಾರದ ಸೃಜನಶೀಲ ತಂಡದ ಮುಂದಾಳು ಯುಹೆನಿಯೊ ಗಾರ್ಸಿಯಾ ಎಂಬ ಜಾಹೀರಾತಿನವರು. ‘ಸಂತೋಷ ಇನ್ನೇನು ಬರಲಿದೆ’ ಎನ್ನುವ ಅರ್ಥದ ಹಾಡಿಗೆ ರಾಗ ಹಾಕಿದ್ದು ಹೈಮೆ ದೆ ಅಗಿರ್ರೆ, ಸಾಹಿತ್ಯ ಸೆರ್ಹಿಯೊ ಬ್ರಾವೊ ಅವರದು. ಲಾಂಛನ ಕಾಮನಬಿಲ್ಲು. 16 ಪಕ್ಷಗಳ ಕೂಟ, ಒಂದೊಂದಕ್ಕೆ ಒಂದೊಂದು ಬಣ್ಣ, ಒಂದನ್ನೇ ಮುಂದಿಟ್ಟರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಎಲ್ಲ ಬಣ್ಣವನ್ನೂ ಹಾಕಿಬಿಟ್ಟರೆ ಜಗಳವೇ ಇಲ್ಲ. ಜಾಹೀರಾತು ಕೆಲಸ ಮಾಡಿದವರಿಗೆ ಇದರ ಜಾಣತನ ಚೆನ್ನಾಗಿ ಗೊತ್ತಾಗುತ್ತದೆ. ಕ್ರಿಶ್ಚಿಯನ್ ಡೆಮಾಕ್ರಟರು, ಸಮಾಜವಾದಿಗಳು ಒಂದೇ ವೇದಿಕೆಯಲ್ಲಿ ಕೂರುವುದೇ ಕಷ್ಟವಿದ್ದ ಕಾಲ. 1973ರಲ್ಲಿ ಅವರು ಎದುರಾಳಿಗಳು. ಕೂಟದ ವಕ್ತಾರ ಪ್ಯಾಟ್ರಿಸಿಯೊ ಆಯ್ಲ್ವಿನ್ ಆಗ ಅಯೆಂದೆಯನ್ನು ವಿರೋಧಿಸಿದ್ದವರು.

ಆ 15 ನಿಮಿಷದಲ್ಲಿ ಬರೀ ಕುಣಿತ ಇತ್ತು ಅಂದುಕೊಳ್ಳಬೇಡಿ. ಸಿನಿಮಾ ನೋಡಿದವರು ಇದನ್ನು ಮರೆಯುತ್ತಾರೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಜವಾದ ಪ್ರಸಾರದ ತುಣುಕುಗಳು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ಒಂದರಲ್ಲಿ ಕಾಣೆಯಾದವರ ಹೆಂಡತಿಯರು, ತಾಯಂದಿರು ‘ಕ್ವೆಕಾ’ ಕುಣಿಯುತ್ತಾರೆ. ಗಂಡು ಹೆಣ್ಣು ಕರವಸ್ತ್ರ ಹಿಡಿದು ಜೋಡಿಯಾಗಿ ಮಾಡುವ ಚಿಲಿಯ ನೃತ್ಯ ಅದು. ಇಲ್ಲಿ ಹೆಂಗಸು ಒಬ್ಬಳೇ ಕುಣಿಯುತ್ತಾಳೆ, ಎದುರಿಗೆ ಇರಬೇಕಾದ ಗಂಡಿನ ಜಾಗ ಖಾಲಿ. ಒಂದೇ ಒಂದು ಅಂಕಿಸಂಖ್ಯೆ ಇಲ್ಲ.

ಇನ್ನೊಂದರಲ್ಲಿ ಒಲ್ಗಾ ಗಾರಿದೊ ಎಂಬ ವಯಸ್ಸಾದ ಹೆಂಗಸು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ತನ್ನನ್ನು ಹಿಡಿದುಕೊಂಡು ಹೋದದ್ದು, ಹಿಂಸಿಸಿದ್ದು, ಮೈಮೇಲಿನ ಗಾಯ ಮಾಗಿದರೂ ಮನಸ್ಸಿನ ಗಾಯ ಮಾಗದೇ ಇರುವುದು, ಎಲ್ಲವನ್ನೂ ತಣ್ಣಗೆ ಹೇಳುತ್ತಾರೆ. ಆಮೇಲೆ ಒಬ್ಬ ಗಂಡಸು ಕಾಣಿಸಿಕೊಳ್ಳುತ್ತಾನೆ. ಚಿಲಿಯಲ್ಲಿ ಆ ಮುಖ ಗೊತ್ತಿಲ್ಲದವರು ಯಾರೂ ಇಲ್ಲ. ಕೋಲೊ ಕೋಲೊ ಕ್ಲಬ್ಬಿನ, ರಾಷ್ಟ್ರೀಯ ತಂಡದ ಫುಟ್‌ಬಾಲ್ ತಾರೆ ಕಾರ್ಲೋಸ್ ಕಾಸೆಲಿ. ತಾನು ‘ಇಲ್ಲ’ ಎಂದೇ ಓಟು ಹಾಕುವುದು ಅನ್ನುತ್ತಾನೆ, ಯಾಕಂದರೆ ಈ ಹೆಂಗಸು ನನ್ನ ತಾಯಿ. 1974ರ ವಿಶ್ವಕಪ್‌ಗೆ ಹೊರಡುವ ಮೊದಲು ಪಿನೋಚೆಗೆ ಕೈ ಕೊಡದೆ ನಿಂತವನು ಈತ. (ಅದೇ ವಿಶ್ವಕಪ್‌ನಲ್ಲಿ ಕೆಂಪು ಕಾರ್ಡು ಕಂಡ ಮೊದಲ ಆಟಗಾರನೂ ಇವನೇ. ಕ್ವಿಜ್ ಪ್ರಿಯರಿಗೆ ಇರಲಿ.) ನಾನು ನೋಡಿದ ರಾಜಕೀಯ ಜಾಹೀರಾತುಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಆಳಕ್ಕೆ ಇಳಿಯುವುದು ಇನ್ನೊಂದಿಲ್ಲ. ಒಬ್ಬ ತಾಯಿ, ಒಬ್ಬ ಮಗ, ಒಂದು ಕ್ಯಾಮೆರಾ.

ಸೆಪ್ಟೆಂಬರ್ 12ರ ಕಂತಿನಲ್ಲಿ ನ್ಯಾಯಾಧೀಶರೊಬ್ಬರು ಚಿತ್ರಹಿಂಸೆಯ ಬಗ್ಗೆ ಮಾತಾಡಿದ್ದರು. ಅದನ್ನು ತೆಗೆಯಿರಿ ಅಂತ ಒತ್ತಡ ಬಂತು. ಆ ರಾತ್ರಿ ಕಾರ್ಯಕ್ರಮ ಪ್ರಸಾರವೇ ಆಗಲಿಲ್ಲ. ಜಾಹೀರಾತಿನ ದೃಷ್ಟಿಯಿಂದ ಹೇಳುವುದಾದರೆ, ಇಷ್ಟು ಒಳ್ಳೆ ಪ್ರಚಾರವನ್ನು ಯಾವ ಏಜೆನ್ಸಿಯೂ ಕೊಡಲಾರದು.

ಅಂದರೆ ನೋವು ಪೂರ್ತಿ ಹೊರಗೆ ಹೋಗಿರಲಿಲ್ಲ. ಅದಕ್ಕೆ ಒಂದು ಜಾಗ ಕೊಟ್ಟಿದ್ದರು. ಹಾಡಿನ ನಡುವೆ, ತಮಾಷೆಯ ನಡುವೆ, ನೋಡುವವರು ಚಾನೆಲ್ ತಿರುಗಿಸದೆ ಕೂರಬಲ್ಲಷ್ಟು. ಸಿನಿಮಾದಲ್ಲಿ ಇದು ರೆನೆ ಮತ್ತು ಮುಖಂಡರ ನಡುವಿನ ಹಗ್ಗಜಗ್ಗಾಟವಾಗಿ ಬರುತ್ತದೆ, ಗೆಲ್ಲುವುದು ರೆನೆ. ನಿಜದ ಪ್ರಸಾರ ನೋಡಿದರೆ ಇಬ್ಬರೂ ಅರ್ಧರ್ಧ ಗೆದ್ದ ಹಾಗಿದೆ.

‘ಹೌದು’ ಕಡೆಯವರ ಕಥೆ ಬೇರೆ. ಸಿನಿಮಾದಲ್ಲಿ ಅವರ ಸಲಹೆಗಾರ ರೆನೆಯ ಬಾಸ್ ಲುಚೊ ಗುಸ್ಮನ್. ಆಲ್ಫ್ರೆದೊ ಕಾಸ್ತ್ರೊ ಈ ಪಾತ್ರವನ್ನು ತುಟಿ ಜಾಸ್ತಿ ಅಲುಗಿಸದೆ ಮಾಡಿ ಮೈ ಜುಮ್ಮೆನಿಸುತ್ತಾರೆ. ಹಗಲು ಇಬ್ಬರೂ ಒಂದೇ ಆಫೀಸಿನಲ್ಲಿ ಮೈಕ್ರೋವೇವ್ ಒಲೆಯ ಜಾಹೀರಾತಿಗೆ ತಲೆ ಕೆಡಿಸಿಕೊಳ್ಳುತ್ತಾರೆ, ರಾತ್ರಿ ಟಿವಿಯಲ್ಲಿ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಾರೆ. ಲುಚೊ ಬೆದರಿಸುವುದೂ ಆಫೀಸ್ ಭಾಷೆಯಲ್ಲೇ. ಪಾಲುದಾರ ಮಾಡ್ತೀನಿ ಅಂತ ಆಸೆ ತೋರಿಸುತ್ತಾನೆ, ಮಗ ಇದ್ದಾನೆ ಅಂತ ನೆನಪಿಸುತ್ತಾನೆ.

ನಿಜದಲ್ಲೂ ಸರ್ಕಾರದವರ ಪ್ರಚಾರ ಎರಡು ದೋಣಿಯ ಮೇಲೆ ಕಾಲಿಟ್ಟಿತ್ತು. ಒಂದು ಕಡೆ ಹೆದರಿಕೆ: ಇವರು ಬಂದರೆ ಮತ್ತೆ 1973, ಮತ್ತೆ ಖಾಲಿ ಅಂಗಡಿ. ಇನ್ನೊಂದು ಕಡೆ ಹೆಮ್ಮೆ: ಚಿಲಿ ಗೆಲ್ಲುವ ದೇಶ, ನೋಡಿ ಎಷ್ಟು ರಸ್ತೆ, ಎಷ್ಟು ಮನೆ. ಆಗ ಚಿಲಿಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನ ಬಡತನದಲ್ಲಿದ್ದರು. ಇದನ್ನು ನೋಡುವಾಗ ನಮ್ಮ 2004ರ ‘ಇಂಡಿಯಾ ಶೈನಿಂಗ್’ ನೆನಪಾಗದೆ ಇರುವುದಿಲ್ಲ. ಅದು ನುಣುಪಾದ, ದುಬಾರಿ, ವೃತ್ತಿಪರರು ಮಾಡಿದ ಪ್ರಚಾರ. ಚುನಾವಣೆಯಲ್ಲಿ ಆ ಸರ್ಕಾರವೇ ಬಿದ್ದುಹೋಯಿತು. ಸಂತೋಷ ತೋರಿಸಿದರೆ ಗೆಲುವು ಅನ್ನುವುದಾದರೆ ಅವರು ಗೆಲ್ಲಬೇಕಿತ್ತಲ್ವಾ? ಕುರ್ಚಿಯಲ್ಲಿರುವವರು ‘ನೀವು ಸುಖವಾಗಿದ್ದೀರಿ’ ಅಂದರೆ ಕೇಳಿದವರು ತಮ್ಮ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡುತ್ತಾರೆ. ‘ಸುಖ ಬರಲಿದೆ’ ಅಂದರೆ ತೆಗೆದು ನೋಡಲು ಡಬ್ಬವೇ ಇಲ್ಲ. ಚಿಲಿಯ ‘ಇಲ್ಲ’ ತಂಡಕ್ಕೆ ಈ ಅನುಕೂಲ ಇತ್ತು. ಜಾಹೀರಾತು ಎಷ್ಟೇ ಜಾಣತನದ್ದಾದರೂ, ಹೇಳುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದು ಮೊದಲು ಲೆಕ್ಕಕ್ಕೆ ಬರುತ್ತದೆ.

ಸಿನಿಮಾದ ರೂಪದ ಬಗ್ಗೆ ಹೇಳಲೇಬೇಕು. ಲರಾಯಿನ್ ಇದನ್ನು 1980ರ ದಶಕದ ಯು-ಮ್ಯಾಟಿಕ್ ವಿಡಿಯೋ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದರು. ಪರದೆ ಚೌಕ. ಬಣ್ಣ ಅಂಚಿನಿಂದಾಚೆ ಸೋರುತ್ತದೆ. ಬಿಸಿಲಿಗೆ ಕ್ಯಾಮೆರಾ ತಿರುಗಿದರೆ ಎಲ್ಲ ಬೆಳ್ಳಗಾಗುತ್ತದೆ. ಹಳೆಯ ಮದುವೆ ಕ್ಯಾಸೆಟ್ ನೋಡಿದ ಹಾಗಿರುತ್ತದೆ. ಮೊದಲ ಹತ್ತು ನಿಮಿಷ ಕಣ್ಣಿಗೆ ಕಿರಿಕಿರಿ, ಆಮೇಲೆ ಅದರ ಲಾಭ ತಿಳಿಯುತ್ತದೆ. 1988ರ ನಿಜವಾದ ಪ್ರಸಾರ ಯಾವುದು, 2011ರಲ್ಲಿ ನಟರು ಮಾಡಿದ್ದು ಯಾವುದು ಅಂತ ಹೇಳಲಿಕ್ಕೇ ಆಗುವುದಿಲ್ಲ. ಹೊಲಿಗೆ ಕಾಣಿಸುವುದಿಲ್ಲ. ‘ಇಲ್ಲ’ ಕಾರ್ಯಕ್ರಮ ನಿರೂಪಿಸುತ್ತಿದ್ದ ಪ್ಯಾಟ್ರಿಸಿಯೊ ಬಾನ್ಯಾದೋಸ್ ಸಿನಿಮಾದಲ್ಲಿ ತಮ್ಮದೇ ಪಾತ್ರ ಮಾಡಿದ್ದಾರೆ. ಆಯ್ಲ್ವಿನ್ ಕೂಡ. ಒಂದು ಶಾಟಿನಲ್ಲಿ ವಯಸ್ಸಾದ ಆಯ್ಲ್ವಿನ್ ಮಾತಿಗೆ ಸಿದ್ಧರಾಗುತ್ತಾರೆ, ಮಾನಿಟರಿನಲ್ಲಿ 23 ವರ್ಷ ಚಿಕ್ಕವರಾದ ಅದೇ ಆಯ್ಲ್ವಿನ್ ಮಾತಾಡುತ್ತಾರೆ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ನನಗೆ ಇದು ಒಳ್ಳೆ ಕುಚೇಷ್ಟೆ ಅನಿಸಿತು. ನಿಮ್ಮ ಕಣ್ಣನ್ನು ಎಷ್ಟು ಸುಲಭವಾಗಿ ನಂಬಿಸಬಹುದು ನೋಡಿ ಅಂತ ಜಾಹೀರಾತಿನ ಸಿನಿಮಾವೇ ತೋರಿಸಿಕೊಡುತ್ತಿದೆ.

ಆದರೆ ಆ ನಂಬಿಸುವ ಶಕ್ತಿಯೇ ಚಿಲಿಯಲ್ಲಿ ಹಲವರಿಗೆ ಸಿಟ್ಟು ತರಿಸಿತು. ‘ಇಲ್ಲ’ ಪ್ರಚಾರದ ಕಾರ್ಯದರ್ಶಿಯಾಗಿದ್ದ ಹೆನಾರೊ ಅರಿಯಾಗಾದ ಸಿನಿಮಾ ಬಂದಾಗ ಖಾರವಾಗಿ ಮಾತಾಡಿದರು. 15 ವರ್ಷದ ಹೋರಾಟ, ಗಟ್ಟಿ ಕಾರ್ಮಿಕ ಸಂಘಟನೆ, ವಿದ್ಯಾರ್ಥಿ ಚಳವಳಿ, ಪಕ್ಷಗಳು, ಮಾನವ ಹಕ್ಕಿನ ಗುಂಪುಗಳು ಇದ್ದ ದೇಶಕ್ಕೆ ಯಾವನೋ ಒಬ್ಬ ಜಾಹೀರಾತಿನವನು ಸ್ಕೇಟ್‌ಬೋರ್ಡ್ ಮೇಲೆ ಬಂದು ದಾರಿ ತೋರಿಸಿದ ಎನ್ನುವುದು ವ್ಯಂಗ್ಯಚಿತ್ರ ಎಂಬುದು ಅವರ ಮಾತಿನ ಸಾರ.

ಅವರ ಸಿಟ್ಟು ನ್ಯಾಯವಾದದ್ದು. ಸಿನಿಮಾದಲ್ಲಿ ಒಂದೆರಡು ಮಾತಿನಲ್ಲಿ ಹಾದುಹೋಗುವ ಕೆಲಸವನ್ನೇ ನೋಡಿ. ಮತದಾರರ ನೋಂದಣಿ ಮತ್ತೆ ಶುರುವಾದದ್ದು 1987ರ ಫೆಬ್ರವರಿಯಲ್ಲಿ, ಸೊನ್ನೆಯಿಂದ. ಹೆಸರು ಬರೆಸಲು ಜನ ಹೆದರುತ್ತಿದ್ದರು. ಇನ್ನು ಕೆಲವರಿಗೆ ಇದೆಲ್ಲ ಮೋಸ, ಭಾಗವಹಿಸಿದರೆ ಪಿನೋಚೆಯ ಸಂವಿಧಾನಕ್ಕೆ ನಾವೇ ಮುದ್ರೆ ಒತ್ತಿದ ಹಾಗೆ ಎಂಬ ವಾದ. ಸಿನಿಮಾದಲ್ಲಿ ರೆನೆಯಿಂದ ದೂರವಾಗಿರುವ ಹೆಂಡತಿ ವೆರೋನಿಕಾ ಹೇಳುವುದೂ ಇದನ್ನೇ. ತಳ್ಳಿಹಾಕುವ ವಾದವೇನಲ್ಲ ಅದು. ಕಮ್ಯುನಿಸ್ಟ್ ಪಕ್ಷ ‘ಇಲ್ಲ’ ಅಂತ ಓಟು ಹಾಕಿ ಎನ್ನುವ ಹೊತ್ತಿಗೆ ಬಹಳ ತಡವಾಗಿತ್ತು. ಕಾರ್ಯಕರ್ತರು ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬಾಗಿಲು ಬಾಗಿಲಿಗೆ ಹೋಗಿ, ಕೂತು, ಮಾತಾಡಿ, ಗುರುತಿನ ಚೀಟಿ ಮಾಡಿಸಿ ಹೆಸರು ಬರೆಸಿದರು. ಕೊನೆಗೆ ಪಟ್ಟಿಯಲ್ಲಿದ್ದವರು 74 ಲಕ್ಷ. ಇದಕ್ಕೆ ಹಾಡಿಲ್ಲ, ಕಾಮನಬಿಲ್ಲಿಲ್ಲ.

1988ರ ಏಪ್ರಿಲ್ 25ರಂದು ಸಮಾಜವಾದಿ ನಾಯಕ ರಿಕಾರ್ಡೊ ಲಾಗೋಸ್ ಟಿವಿ ಸಂದರ್ಶನವೊಂದರಲ್ಲಿ ಕ್ಯಾಮೆರಾಗೆ ನೇರ ಬೆರಳು ತೋರಿಸಿ, ಪಿನೋಚೆಯ ಹೆಸರು ಹಿಡಿದು, ಇನ್ನೂ 8 ವರ್ಷದ ಹಿಂಸೆ, ಕೊಲೆಯ ಭರವಸೆ ಕೊಡುತ್ತಿದ್ದೀರಿ ಅಂತ ಝಾಡಿಸಿದ್ದರು. ನಿರೂಪಕಿ ತಡೆಯಲು ನೋಡಿದರೂ ಬಿಡಲಿಲ್ಲ. ರಾತ್ರಿಯ ಪ್ರಸಾರ ಶುರುವಾಗುವ ನಾಲ್ಕು ತಿಂಗಳ ಮೊದಲೇ ಹೆದರಿಕೆಗೆ ಮೊದಲ ಬಿರುಕು ಬಿದ್ದದ್ದು ಅವತ್ತು ಅಂತ ಚಿಲಿಯವರು ಈಗಲೂ ಹೇಳುತ್ತಾರೆ. ಅಲ್ಲಿ ಖುಷಿಯೇನೂ ಇರಲಿಲ್ಲ. ಬರೀ ಸಿಟ್ಟು. ಅದೂ ಕೆಲಸ ಮಾಡಿತು!

ಇನ್ನು ಎಣಿಕೆ. ನನಗೆ ಇಡೀ ಕಥೆಯಲ್ಲಿ ಬಹಳ ರೋಚಕ ಅನಿಸುವುದು ಇದೇ. ಅಕ್ಟೋಬರ್ 5ರಂದು ಮತದಾನ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಮೇಜು. ಕಾಗದದ ಮೇಲೆ ಪಿನೋಚೆಯ ಹೆಸರು, ಕೆಳಗೆ ಎರಡು ಅಡ್ಡಗೆರೆ. ಬೇಕಾದ ಗೆರೆಯನ್ನು ಪೆನ್ಸಿಲ್ಲಿನಿಂದ ಉದ್ದಕ್ಕೆ ಕತ್ತರಿಸಬೇಕು. ದೇಶದಲ್ಲಿ 20 ಸಾವಿರಕ್ಕೂ ಹೆಚ್ಚು ಮೇಜುಗಳು. ಪ್ರತಿ ಮೇಜಿನ ಪಕ್ಕ ಒಬ್ಬ ಏಜೆಂಟ್ ಕೂರಿಸಬೇಕು, ಎಣಿಕೆ ಮುಗಿದ ತಕ್ಷಣ ಆ ಮೇಜಿನ ಲೆಕ್ಕ ತಮ್ಮ ಕೇಂದ್ರಕ್ಕೆ ಬರಬೇಕು, ಸರ್ಕಾರ ಸುಳ್ಳು ಹೇಳಿದರೆ ಎದುರಿಡಲು ತಮ್ಮ ಬಳಿ ಸಂಖ್ಯೆ ಇರಬೇಕು. ಲಾಗೋಸ್ ಮತ್ತು ಸಂಗಡಿಗರು ಹಿಂದಿನ ವರ್ಷ ಹೊಸ ಪಕ್ಷವೊಂದನ್ನು ಕಾನೂನಿನ ಪ್ರಕಾರ ನೋಂದಾಯಿಸಲು ಓಡಾಡಿದ್ದೇ ಹೀಗೆ ಏಜೆಂಟರನ್ನು ಕೂರಿಸುವ ಹಕ್ಕಿಗಾಗಿ. ಕಂಪ್ಯೂಟರ್ ತಂದು ತಮ್ಮದೇ ಎಣಿಕೆ ಕೇಂದ್ರ ಮಾಡಿಕೊಂಡರು. ನಮ್ಮಲ್ಲಿ ಬೂತ್ ಏಜೆಂಟ್ ಆಗಿ ಬೆಳಗಿನಿಂದ ಸಂಜೆವರೆಗೆ ಕೂತವರಿಗೆ ಈ ಕೆಲಸದ ಬೆಲೆ ಗೊತ್ತಿರುತ್ತದೆ. ಸಿನಿಮಾ ಮಾಡಲು ಹೊರಟರೆ ಮಾತ್ರ ಯಾರೂ ದುಡ್ಡು ಹಾಕುವುದಿಲ್ಲ.

ಆ ರಾತ್ರಿ ಸರ್ಕಾರ ಬೆರಳೆಣಿಕೆಯ ಮೇಜುಗಳ ಲೆಕ್ಕ ಹಿಡಿದು ‘ಹೌದು’ ಮುಂದಿದೆ ಅಂತ ಪ್ರಕಟಿಸಿತು. ಆಮೇಲೆ ಗಂಟೆಗಟ್ಟಲೆ ಸರಿಯಾದ ಲೆಕ್ಕವೇ ಹೊರಬರಲಿಲ್ಲ. ಆ ಹೊತ್ತಿಗೆ ‘ಇಲ್ಲ’ ಕೇಂದ್ರದಲ್ಲಿ ಬೇರೆಯೇ ಲೆಕ್ಕ ತಯಾರಾಗಿತ್ತು. ಬಲಪಂಥದ ನಾಯಕ ಸೆರ್ಹಿಯೊ ಒನೊಫ್ರೆ ಹಾರ್ಪಾ ಆ ರಾತ್ರಿ ಟಿವಿಯಲ್ಲಿ ಆಯ್ಲ್ವಿನ್ ಪಕ್ಕದಲ್ಲೇ ಕೂತು ‘ಇಲ್ಲ’ ಗೆಲ್ಲುತ್ತಿದೆ ಅಂತ ಒಪ್ಪಿಕೊಂಡರು. ನಡುರಾತ್ರಿ ಕಳೆದು ಸೇನಾ ಮುಖ್ಯಸ್ಥರು ಲಾ ಮೊನೆದಾಕ್ಕೆ ಬಂದರು. ವಾಯುಪಡೆಯ ಜನರಲ್ ಫರ್ನಾಂಡೊ ಮತ್ತೆಯಿ ಒಳಗೆ ಹೋಗುವ ಮೊದಲು ಪತ್ರಕರ್ತರ ಎದುರು ನಿಂತು, ‘ಇಲ್ಲ’ ಗೆದ್ದಿದೆ ಅನ್ನುವುದು ನನಗಂತೂ ಸ್ಪಷ್ಟ ಅಂದುಬಿಟ್ಟರು. ಆಟ ಮುಗಿಯಿತು. ಒಳಗೆ ಪಿನೋಚೆ ವಿಶೇಷ ಅಧಿಕಾರ ಕೇಳಿದ, ನಾವು ಕೊಡಲಿಲ್ಲ ಎಂದು ಮತ್ತೆಯಿ ಮುಂದೆ ಹೇಳಿಕೊಂಡಿದ್ದಾರೆ.

ಕೊನೆಯ ಲೆಕ್ಕದಲ್ಲಿ ‘ಇಲ್ಲ’ಕ್ಕೆ ಶೇ 56ರ ಹತ್ತಿರ, ‘ಹೌದು’ಗೆ ಶೇ 44. ಓಟಿನಲ್ಲಿ ಹೇಳುವುದಾದರೆ ಸುಮಾರು 40 ಲಕ್ಷಕ್ಕೆ ಎದುರು 31 ಲಕ್ಷ. ಪಟ್ಟಿಯಲ್ಲಿದ್ದವರಲ್ಲಿ ನೂರಕ್ಕೆ 97 ಜನ ಬಂದು ಓಟು ಹಾಕಿದ್ದರು. 15 ವರ್ಷದ ನಂತರವೂ ಅವನಿಗೆ 31 ಲಕ್ಷ ಓಟು ಬಿದ್ದಿತ್ತು ಎಂಬುದನ್ನೂ ಮರೆಯಬಾರದು.

ಹಾಗಾದರೆ ಸಿನಿಮಾ ಸುಳ್ಳು ಹೇಳುತ್ತದಾ? ನಾನು ಹಾಗನ್ನುವುದಿಲ್ಲ. ರೆನೆಯನ್ನು ವೀರ ಅಂತ ನೋಡಿದರೆ ಅದು ಸುಳ್ಳೇ. ಆದರೆ ಲರಾಯಿನ್ ಅವನನ್ನು ಹಾಗೆ ತೋರಿಸಿಲ್ಲ ಅಂತ ನನಗೆ ಅನಿಸುತ್ತದೆ. ಗೆದ್ದ ರಾತ್ರಿ ಬೀದಿಯಲ್ಲಿ ಜನ ಕುಣಿಯುತ್ತಿರುತ್ತಾರೆ. ರೆನೆ ಮಗನನ್ನು ಎತ್ತಿಕೊಂಡು ಅವರ ನಡುವೆ ನಡೆಯುತ್ತಾನೆ. ಅವನ ಮುಖದಲ್ಲಿ ಗೆಲುವು ಇಲ್ಲ, ಒಂದು ಗೊಂದಲ ಇದೆ. ಬೆರ್ನಾಲ್ ಇಲ್ಲಿ ಒಂದೂ ಮಾತಿಲ್ಲದೆ ಗೆಲ್ಲುತ್ತಾರೆ. ಆಮೇಲೆ ರೆನೆ ವಾಪಸ್ ಆಫೀಸಿಗೆ ಹೋಗುತ್ತಾನೆ. ಲುಚೊ ಅವನನ್ನು ಹೊಸ ಕ್ಲೈಂಟಿಗೆ ಪರಿಚಯಿಸುತ್ತಾನೆ, ಅವನ ಗೆಲುವನ್ನೂ ಸೇರಿಸಿ. ನಿನ್ನೆಯ ಎದುರಾಳಿಗೆ ಅದು ಇವತ್ತು ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವ ಅರ್ಹತೆ. ರೆನೆ ಮತ್ತೆ ಶುರು ಮಾಡುತ್ತಾನೆ: ನೀವೀಗ ನೋಡಲಿರುವುದು ಇವತ್ತಿನ ಸಾಮಾಜಿಕ ಪರಿಸ್ಥಿತಿಗೆ ತಕ್ಕದ್ದು...

ಲರಾಯಿನ್ ಹಿನ್ನೆಲೆ ಗೊತ್ತಿದ್ದರೆ ಈ ಕಹಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವರ ತಂದೆ ಹೆರ್ನಾನ್ ಲರಾಯಿನ್ ಯುಡಿಐ ಎಂಬ ಬಲಪಂಥೀಯ ಪಕ್ಷದ ಸೆನೆಟರ್ ಆಗಿದ್ದವರು. ಪಿನೋಚೆ ಆಡಳಿತದ ಬೆಂಬಲಿಗರು ಕಟ್ಟಿದ ಪಕ್ಷ ಅದು. ತಾಯಿಯೂ ಅದೇ ಪಕ್ಷದಿಂದ ಮಂತ್ರಿಯಾಗಿದ್ದರು. ಅಂಥ ಮನೆಯ ಹುಡುಗ ಒಂದಾದಮೇಲೊಂದು ಮೂರು ಸಿನಿಮಾ ಮಾಡಿ ಆ ಕಾಲವನ್ನು ಕೆದಕಿದ. ಮೊದಲೆರಡು ‘ಟೋನಿ ಮನೆರೊ’ ಮತ್ತು ‘ಪೋಸ್ಟ್ ಮಾರ್ಟಮ್’, ಎರಡೂ ಉಸಿರು ಕಟ್ಟಿಸುವಂಥವು. ಮೂರನೆಯದು ‘ನೋ’. ನೋಡಲು ಹಗುರ, ಒಳಗೆ ಭಾರ.

ಯಾಕೆ ಭಾರ ಅಂದರೆ, ಮಾರಾಟಕ್ಕೆ ಅಂತ ಬದಿಗಿಟ್ಟದ್ದು ಬದಿಯಲ್ಲೇ ಉಳಿಯಿತು. 1989ರ ಡಿಸೆಂಬರ್‌ನಲ್ಲಿ ಆಯ್ಲ್ವಿನ್ ಚುನಾವಣೆ ಗೆದ್ದರು, 1990ರ ಮಾರ್ಚ್ 11ರಂದು ಅಧ್ಯಕ್ಷರಾದರು. ಪಿನೋಚೆ ಎಲ್ಲಿಗೂ ಹೋಗಲಿಲ್ಲ. 1998ರವರೆಗೆ ಸೇನೆಯ ಮುಖ್ಯಸ್ಥ, ಆಮೇಲೆ ಆಜೀವ ಸೆನೆಟರ್. 1998ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಬಂಧನವಾದದ್ದೂ ಸ್ಪೇನ್ ನ್ಯಾಯಾಧೀಶರ ವಾರಂಟಿನ ಮೇಲೆ. 2006ರಲ್ಲಿ ಸತ್ತ, ಒಂದೇ ಒಂದು ಶಿಕ್ಷೆಯ ತೀರ್ಪು ಇಲ್ಲದೆ. ಅವನು ತಂದ ಖಾಸಗಿ ಪಿಂಚಣಿ, ದುಬಾರಿ ಶಿಕ್ಷಣದ ವ್ಯವಸ್ಥೆ, ಅವನ ಕಾಲದ ಸಂವಿಧಾನ ತಿದ್ದುಪಡಿಗಳೊಂದಿಗೆ ಮುಂದುವರಿದವು.

2019ರ ಅಕ್ಟೋಬರ್‌ನಲ್ಲಿ ಸಾಂಟಿಯಾಗೊ ಮೆಟ್ರೋ ಟಿಕೆಟ್ 30 ಪೆಸೊ ಏರಿತು. ಶಾಲೆ ಹುಡುಗರು ಗೇಟು ಹಾರಿದರು. ಕೆಲವೇ ದಿನದಲ್ಲಿ ಇಡೀ ದೇಶ ಬೀದಿಯಲ್ಲಿತ್ತು. ಆಗ ಗೋಡೆಗಳ ಮೇಲೆ ಬಂದ ಘೋಷಣೆ: ‘ಇದು 30 ಪೆಸೊ ಅಲ್ಲ, 30 ವರ್ಷ’. ಬರುತ್ತೇನೆ ಅಂದಿದ್ದ ಸಂತೋಷಕ್ಕೆ ಬಂದ ಬಿಲ್ಲು ಅದು. 2020ರಲ್ಲಿ ನೂರಕ್ಕೆ 78 ಜನ ಹೊಸ ಸಂವಿಧಾನ ಬೇಕು ಅಂದರು. 2022ರಲ್ಲಿ ಬರೆದು ತಂದದ್ದನ್ನು ನೂರಕ್ಕೆ 62 ಜನ ಬೇಡ ಅಂದರು. 2023ರ ಡಿಸೆಂಬರ್‌ನಲ್ಲಿ ಇನ್ನೊಂದು ಕರಡನ್ನೂ ತಿರಸ್ಕರಿಸಿದರು. 1980ರದ್ದೇ, ತೇಪೆ ಹಾಕಿಕೊಂಡು, ಇವತ್ತಿಗೂ ನಡೆಯುತ್ತಿದೆ.

ಇದನ್ನೆಲ್ಲ ಆ ಹಾಡಿನ ತಲೆಗೆ ಕಟ್ಟುವುದು ಅನ್ಯಾಯ. 15 ನಿಮಿಷ ಸಿಕ್ಕವರ ಹತ್ತಿರ 30 ವರ್ಷದ ಲೆಕ್ಕ ಕೇಳಿದ ಹಾಗಾಗುತ್ತದೆ. ಅವರಿಗೆ ಅವತ್ತು ಇದ್ದ ಕೆಲಸ ಒಂದೇ, ಗುಂಡು ಹಾರಿಸದೆ ಅವನನ್ನು ಕುರ್ಚಿಯಿಂದ ಇಳಿಸುವುದು. ಅದನ್ನು ಮಾಡಿದರು. ಆದರೆ ಎದ್ದು ಹೊರನಡೆದ ಆ ಮುಖಂಡನ ಸಿಟ್ಟಿಗೂ ಸಿನಿಮಾದಲ್ಲಿ ಉತ್ತರ ಸಿಗುವುದಿಲ್ಲ, ಚಿಲಿಯಲ್ಲೂ ಪೂರ್ತಿ ಸಿಕ್ಕಿಲ್ಲ.

‘ನೋ’ ನೋಡಿದವರಿಗೆ ನನ್ನ ಸಲಹೆ, ಲರಾಯಿನ್ ಅವರ 2023ರ ‘ಎಲ್ ಕೊಂದೆ’ಯನ್ನೂ ನೋಡಿ. ದಂಗೆಗೆ 50 ವರ್ಷ ತುಂಬಿದ ತಿಂಗಳಲ್ಲೇ ನೆಟ್‌ಫ್ಲಿಕ್ಸ್‌ಗೆ ಬಂತು. ಕಪ್ಪು ಬಿಳುಪು, ಕಪ್ಪು ಹಾಸ್ಯ. 2012ರ ಸಿನಿಮಾದಲ್ಲಿ ಒಂದು ಜಿಂಗಲ್‌ಗೆ ಸೋತ ಪಿನೋಚೆ ಇದರಲ್ಲಿ 250 ವರ್ಷದ ರಕ್ತಪಿಶಾಚಿ. ಸಾಯಬೇಕು ಅಂತ ಆಸೆಪಡುತ್ತಾನೆ, ಆಸ್ತಿ ಹಂಚಿಕೊಳ್ಳಲು ಮಕ್ಕಳು ಕಾದು ಕೂತಿದ್ದಾರೆ, ಆದರೆ ಅವನು ಸಾಯುತ್ತಿಲ್ಲ.